ಗುರುವಾರ, ಎರಡು ಹಾಫ್ ಚಾ

ಖಾನೆ ಖಾಲಿ ಅದ, ಖರೆ ಸಾಹೇಬ್ರ.
ಹದಿನಾಲ್ಕನೇ ತಾರೀಖಿನ ಮುಂದ ನನ್ನ ದಸ್ಕತ್ತಿಲ್ಲ.
ಖಾಲಿ ಇದ್ದದ್ದು ಖಾನೆ,
ಕಟ್ಟಿ ಅಲ್ಲ.

ಶಹಾಬಾದ ಠಾಣೆದ ಮುಂದ ಫರಸಿಕಲ್ಲಿನ ಕಟ್ಟಿ ಅದ,
ಎಡಗಡೆ ಮೂಲಿ ಒಡದದ.
ಒಳಗ ಬರೂ ಮೊದಲ ಇಂಥಾ ಕಲ್ಲು
ಹನ್ನೊಂದು ವರ್ಷ ಪಾಲಿಶ್ ಮಾಡೀನಿ,
ಬಿಸಲಿಗಿ ಯಾವ ಕಲ್ಲು ಎಷ್ಟೊತ್ತಿಗಿ ಕಾಯ್ತದ
ಅಂಗೈಗಿ ಗೊತ್ತದ.
ಹತ್ತಕ್ಕ ತಂಪಿತ್ತು.
ಹನ್ನೆರಡಕ್ಕ ಚಪ್ಪಲಿ ಬಿಚ್ಚಿ ಅದರ ಮ್ಯಾಲ ಕುಂತೆ.
ಮೂರಕ್ಕ ಬೇವಿನ ನೆಳ್ಳು ಬಂತು.
ರೈಟರ್ ಬರಲಿಲ್ಲ.

ಮಂತ್ರಿ ಬಂದಾರ, ಎಲ್ಲಾರೂ ಬಂದೋಬಸ್ತಿಗಿ ಹೋಗ್ಯಾರ
ಅಂದ ಸೆಂಟ್ರಿ ಹುಡುಗ.
ರಿಜಿಸ್ಟರ್ ಅಲಮಾರಿದಾಗ,
ಕೀಲಿಕೈ ರೈಟರ್‌ನ ಕಿಸೆದಾಗ,
ಕಿಸೆ ಚಿತ್ತಾಪುರದಾಗ.
ಒಂದು ಚೀಟಿ ಮ್ಯಾಲರೆ ಬರಕೊಡಪಾ ಅಂದೆ.
ನಕ್ಕ. ಸಣ್ಣಾಂವ, ಅವಂದೇನು ತಪ್ಪಿಲ್ಲ.

ನೋಟಿಸಿನಾಗ ಬರದೀರಿ:
ಸದರಿ ಖೈದಿ ಪೆರೋಲ್ ಷರತ್ತು ಮುರಿದಿರುತ್ತಾನೆ.
ಮುರಿಯೂದು ನನಗ ಹೊಸಾದಲ್ಲರಿ.
ಮುರದೀನಿ, ಒಂದು ಸಲ, ಒಬ್ಬನ ತೆಲಿ.
ಒಂಬತ್ತು ವರ್ಷದಾಗ ಒಂದು ದಿನಾನೂ
ಇಲ್ಲ ಅಂದಿಲ್ಲ.
ಇದನ್ನ ಮುರದಿಲ್ಲ.

ಅವ್ವನ ಕಣ್ಣಿನ ಆಪರೇಷನ್ನಿಗಿ ಮೂವತ್ತು ದಿನ ಕೊಟ್ರಿ.
ಪಟ್ಟಿ ಬಿಚ್ಚಿದ ಮ್ಯಾಲ ಆಕಿ ಮೊದಲ ನೋಡಿದ್ದು ನನ್ನ ಕೂದಲಾ.
"ಇಷ್ಟು ಬೆಳ್ಳಗ ಯಾವಾಗಾದ್ವೋ?" ಅಂದಳು.
ಅದನ್ನ ಇಲ್ಲಿ ಹೇಳಬಾರದಿತ್ತು. ಬಿಡ್ರಿ.

ಠಾಣೆ ಎದುರು ಮಶಾಕಸಾಬ ಚಾ ಮಾರ್ತಾನ.
ಅವನ ಉದ್ರಿ ಪುಸ್ತಕ
ತಂಗಿ ನೀಲಮ್ಮ ಸೆರಗಿನಾಗ ಸುತ್ತಿ ತಂದಾಳ.
ಹಾಳಿ ತುಂಬ ಭಜಿ ಎಣ್ಣಿ, ಉರ್ದು ಅಂಕಿ, ಕನ್ನಡ ಹೆಸರು:
'ಗುರುವಾರ. ಭೀಮಶ್ಯಾ, ಕಲ್ಲಿನಾಂವ. ಎರಡು ಹಾಫ್ ಚಾ.'
ನನ್ನ ನಂಬರ್ ಅವಂಗ ಗೊತ್ತಿಲ್ಲ,
ಅದಕ್ಕ ಹೆಸರು ಬರದಾನ.

ಹನ್ನೊಂದಕ್ಕೊಂದು, ಮೂರೂವರಿಗೊಂದು.
ಆವತ್ತ ಕಿಸೆದಾಗ ಚಿಲ್ಲರ್ ಇದ್ದಿದ್ರ
ಕೊಟ್ಟು ಎದ್ದು ಹೋಗತಿದ್ನಿ,
ಯಾವ ಪುಸ್ತಕದಾಗೂ ಇರತಿದ್ದಿಲ್ಲ.

ಮೊಹರು ಹುಡಕಬ್ಯಾಡ್ರಿ, ಇದಕ್ಕ ಮೊಹರಿಲ್ಲ,
ಗ್ಲಾಸಿನ ತಳದ ಗುಂಡನ ಕಲಿ ಅದ.
ಕನ್ನಡಕ ಹಾಕ್ಕೋರಿ, ಅಂಕಿ ಸಣ್ಣಾವು.

ಹೊರಗ ಗೇಟಿನ ಹತ್ತಿರ ನೀಲಮ್ಮ ನಿಂತಾಳ,
ಬಾಕಿ ತೀರಸಲಾಕ
ಮುಷ್ಟಿದಾಗ ಹತ್ತು ರೂಪಾಯಿ.
ಬ್ಯಾಡ ಅಂದೀನಿ.
ನಿಮ್ಮ ಆರ್ಡರ್ ಬರೂತನಕ
ನನ್ನ ಹೆಸರಿನ ಮ್ಯಾಲ ಯಾರೂ ಗೀಟು ಹಾಕಬಾರದು.