ಹತ್ತು ನಿಮಿಷ

ಸ್ಟಾರ್ನೊವೇ ಅಂಗಡಿಯ ವ್ಯಾನು ಮೂರು ಪೆಟ್ಟಿಗೆ ಇಳಿಸಿ ಹೋಯಿತು.
ಒಂದರಲ್ಲಿ ಪರದೆ, ಒಂದರಲ್ಲಿ ಬೂದು ಗೋಪುರ,
ಇನ್ನೊಂದರಲ್ಲಿ ಬರೀ ತಂತಿ,
ಏಳು ಭಾಷೆಯ ಪುಸ್ತಕ. ನಮ್ಮ ಗೇಲಿಕ್ ಅದರಲ್ಲಿಲ್ಲ.

ಟಾರ್ಕ್ವಿಲ್ ಮಗ್ಗದ ಮನುಷ್ಯ.
ಸಾವಿರದ ಚಿಲ್ಲರೆ ಎಳೆಯಲ್ಲಿ ಒಂದು ತಪ್ಪಿದರೂ
ಕತ್ತಲಲ್ಲೇ ಬೆರಳಿಟ್ಟು ತೋರಿಸುವವನು
ಮೇಜಿನಡಿ ಅಂಗಾತ ಮಲಗಿ ಕೇಳಿದ:
"ನೀಲಿ ಬಾಲದ್ದು ಯಾವ ತೂತಿಗೆ, ಎಫೀ?"
ನಾನು ಟಾರ್ಚು ಹಿಡಿದಿದ್ದೆ. ಪುಸ್ತಕವನ್ನು ತಲೆಕೆಳಗಾಗಿ.

ಮೋಡೆಮ್ಮಿಗೆ ಐದು ದೀಪ. ನಾಲ್ಕು ಹತ್ತಿದವು.
ಐದನೆಯದು ಎರಡು ದಿನ ಸತಾಯಿಸಿತು.
ಫೋನಿನ ಹುಡುಗಿ ಅಂದಳು:
ಆರಿಸಿ, ಮೂವತ್ತು ಎಣಿಸಿ, ಹಚ್ಚಿ.
ಅವನು ಗೇಲಿಕ್‌ನಲ್ಲಿ ಎಣಿಸಿದ. ಹತ್ತಿತು.
ಇಂಗ್ಲಿಷಿಗೆ ಬಗ್ಗುತ್ತಿರಲಿಲ್ಲ ಎಂದು ಇವತ್ತಿಗೂ ಅವನ ವಾದ.

ಗಂಟೆ ಎಷ್ಟೆಂದು ಯಂತ್ರ ನಮ್ಮನ್ನು ಕೇಳಲಿಲ್ಲ.
ಸಮುದ್ರದಾಚೆ ಯಾರನ್ನೋ ಕೇಳಿ ತಾನೇ ತಿಳಿದುಕೊಂಡಿತು.
ನಾನು ಆಗಲೇ ಎಚ್ಚರವಾಗಬೇಕಿತ್ತು.

ಶನಿವಾರ ರಾತ್ರಿ, ಸೋದರಳಿಯ ಲಾಕ್ಲನ್ನನ ಕಾರ್ಡಿನಲ್ಲಿ
ಹದಿನಾಲ್ಕು ಅಕಾರ್ಡಿಯನ್ ಹಾಡು ಕೊಂಡೆವು.
ಅದೇ ಕ್ಯಾಸೆಟ್ಟನ್ನು ನಮ್ಮ ಹಳೇ ವ್ಯಾನು ನುಂಗಿ
ಹತ್ತೊಂಬತ್ತು ವರ್ಷ.
ನೀಲಿ ಪಟ್ಟಿ ತೆವಳಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆವು.
ತೊಂಬತ್ತೊಂದು ತಲುಪಿದಾಗ
ಅಡುಗೆಮನೆಯ ಗಡಿಯಾರ ಹನ್ನೆರಡು ಹೊಡೆಯಿತು.

ಟಾರ್ಕ್ವಿಲ್ ಸಭೆಯ ಹಿರಿಯ.
ಸಬ್ಬತ್ ದಿನ ನಮ್ಮ ಹಗ್ಗದ ಮೇಲೆ ಕಾಲುಚೀಲವೂ ಒಣಗುವುದಿಲ್ಲ,
ಮಗ್ಗಕ್ಕೆ ಬೀಗ, ಆಲೂಗಡ್ಡೆ ಹಿಂದಿನ ದಿನವೇ ಸುಲಿದಿರಬೇಕು.
"ಇದು ಕೆಲಸ ಮಾಡ್ತಿದೆ" ಅಂದ.
"ಅದು ತಾನೇ? ನೀನಲ್ಲವಲ್ಲ."
"ನನ್ನ ಮನೆಯೊಳಗೆ."
"ಕೋಳಿ ಭಾನುವಾರ ಇಟ್ಟ ಮೊಟ್ಟೆ
ಸೋಮವಾರ ತಿನ್ನೋಲ್ವಾ ನೀನು?"
ಪ್ಲಗ್ಗಿನ ಮೇಲೆ ಕೈಯಿಟ್ಟ. ತೆಗೆದ. ಮತ್ತೆ ಇಟ್ಟ.
ಕಡೆಗೆ ಎರಡು ಗಜ ಕಂದು ಟ್ವೀಡು ತಂದು
ಗಿಳಿಪಂಜರಕ್ಕೆ ಹೊದಿಸುವಂತೆ ಹೊದಿಸಿಬಿಟ್ಟ.

ಮರುದಿನ ಪಾದ್ರಿಗಳು ಚಹಾಕ್ಕೆ ಬಂದರು.
ಬಟ್ಟೆಯೊಳಗಿಂದ ಸಣ್ಣಗೆ ಗುಯ್ ಗುಯ್.
"ಬೆಕ್ಕಿಗೆ ನೆಗಡಿಯೇ?" ಎಂದು ಕೇಳಿದರು.
ನಮಗೆ ಬೆಕ್ಕಿಲ್ಲ. ಇಬ್ಬರೂ ಹೌದೆಂದೆವು.

ಸೋಮವಾರ ಮುಂಜಾನೆ ಕನ್ನಡಕ ಹಾಕಿಕೊಂಡು ಬಟ್ಟೆ ಎತ್ತಿದ.
ಹದಿನಾಲ್ಕೂ ಬಂದಿದ್ದವು.
ಕೊನೆಯದರ ಎದುರು: ಶನಿವಾರ, 23:57.
ಮುಖ ಅರಳಿತು. ಪಾಪವಿಲ್ಲ!
ಆಮೇಲೆ ಅರಳಿದ್ದು ನಿಧಾನಕ್ಕೆ ಮುದುಡಿತು.
ಹನ್ನೆರಡು ಹೊಡೆದಾಗ ಇನ್ನೂ ಒಂಬತ್ತು ಬಾಕಿ ಇತ್ತಲ್ಲ.
ಪರದೆಯ ಮೂಲೆ ನೋಡಿದ. ಅಡುಗೆಮನೆಯ ಗೋಡೆ ನೋಡಿದ.
ನನ್ನನ್ನು ನೋಡಿದ.

ಮದುವೆಯಾದ ವರ್ಷ ಪ್ರಾರ್ಥನೆಗೆ ಮೂರು ಸಲ ತಡವಾಗಿ ಹೋಗಿ
ಅವನು ತಲೆ ತಗ್ಗಿಸಿ ಕೂತಿದ್ದ.
ಅವತ್ತು ರಾತ್ರಿ ಸ್ಟೂಲು ಹತ್ತಿ ಮುಳ್ಳು ಮುಂದೆ ತಳ್ಳಿದವಳು ನಾನು.
ಆಮೇಲಿನಿಂದ ರೇಡಿಯೊ ಗಂಟೆ ಸಾರುವ ಹೊತ್ತಿಗೆ ಸರಿಯಾಗಿ
ನನಗೆ ಕೆಮ್ಮು. ಕೆಮ್ಮು ಬಾರದಿದ್ದರೆ
ಒಂದು ಪಾತ್ರೆ ಕೈಜಾರಿ ಬೀಳುತ್ತಿತ್ತು.

ಅವನು ಲೆಕ್ಕ ಹಾಕಿದ, ನೂಲಿನ ಲೆಕ್ಕದ ಪೆನ್ಸಿಲಿನಲ್ಲೇ.
ವಾರಕ್ಕೆರಡು ಸಲ, ಮೂವತ್ತೊಂದು ವರ್ಷ.
"ಇಪ್ಪತ್ತೆರಡು ದಿನ, ಎಫೀ.
ಹಗಲೂ ರಾತ್ರಿಯೂ ಇಪ್ಪತ್ತೆರಡು ದಿನ
ಆ ತಣ್ಣನೆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೇನೆ."

ನಾನು ಹಾಡು ಒತ್ತಿದೆ. ಮತ್ತೇನು ಮಾಡಲಿ?
ಮುಷ್ಟಿಗಾತ್ರದ ಸ್ಪೀಕರಿನಿಂದ
ಇಡೀ ನೃತ್ಯದ ಹಜಾರ ಹೊರಗೆ ಬಂತು,
ಹಲಗೆಯ ಮೇಲೆ ಬೂಟುಗಳ ಸದ್ದು ಸಮೇತ.

ಅವನು ಸ್ಟೂಲು ಎಳೆದು ಹತ್ತಿದ. ಗಡಿಯಾರದ ಗಾಜು ತೆರೆದ.
ದೊಡ್ಡ ಮುಳ್ಳಿನ ಮೇಲೆ ಬೆರಳಿಟ್ಟು
ಎರಡನೇ ಹಾಡು ಮುಗಿಯುವವರೆಗೂ ನಿಂತಿದ್ದ.
ಗಾಜು ಮುಚ್ಚಿ, ಮುಳ್ಳನ್ನು ಹಾಗೇ ಬಿಟ್ಟು, ಇಳಿದ.

"ಗಂಜಿಗೆ ಎಷ್ಟು ಹೊತ್ತು?"
"ಹತ್ತು ನಿಮಿಷ" ಅಂದೆ.
"ಯಾವ ಹತ್ತು?" ಅಂದ.