ಮನೆಗುರುತು

ಸ್ಟ್ರಾಲ್‌ಸುಂಡಿನ ಹಡಗುಕಟ್ಟೆಯಲ್ಲಿ ಕಾರು ಬಿಟ್ಟು
ಬೀಗದ ಕೈ ಜೇಬಿಗಿಳಿಸಿದ ಮೇಲೂ
ಲುಟ್ಸ್ ಎರಡು ಸಲ ತಿರುಗಿ ನೋಡಿದ,
ಶಿಶುವಿಹಾರದಲ್ಲಿ ಮಗು ಬಿಟ್ಟು ಬಂದವನ ಹಾಗೆ.

ಉಪ್ಪು ಸಾಲದ ಸಾರಿನಂಥ ಕಡಲು. ಒಂದೂಮುಕ್ಕಾಲು ತಾಸು.
ಹಿಡ್ಡೆನ್‌ಸೇ ದ್ವೀಪದ ಕಟ್ಟೆಯ ಮೇಲೆ
ನಮ್ಮ ಪೆಟ್ಟಿಗೆಗಾಗಿ ಒಂದು ಕೈಗಾಡಿ ನಿಂತಿತ್ತು.
ಅದರ ಹಲಗೆಗೆ ಹೆಸರಿಲ್ಲ, ನಂಬರಿಲ್ಲ,
ಬಿಳಿ ಬಣ್ಣದಲ್ಲಿ ನೆಟ್ಟಗೊಂದು ಗೀಟು, ಅಡ್ಡ ಎರಡು,
ಬುಡದಲ್ಲಿ ಹಕ್ಕಿಯ ಕಾಲಿನ ಸೀಳು.
‘ಬಾಗಿಲ ಮೇಲೂ ಇದೇ ಗುರುತು’
ಅಂದಿದ್ದರು ಥೆಕ್ಲಾ ಶ್ಲಿಕರ್ ಫೋನಿನಲ್ಲಿ,
‘ನಮ್ಮಜ್ಜನ ಅಜ್ಜ ಬಲೆಗೆ ಕಟ್ಟುತ್ತಿದ್ದದ್ದು.
ಓದು ಬಾರದವರೂ ಓದಬಹುದು.’

ಈ ಊರಿಗೆ ರಸ್ತೆಯಿಲ್ಲ.
ಬರೀ ಹುಲ್ಲು. ಅದರ ಮೇಲೆ
ಮೊರದಿಂದ ಚೆಲ್ಲಿದಂತೆ ಬಿಳಿ ಮನೆಗಳು.
ಬೇಲಿಯಿಲ್ಲ. ಬಿಸಿ ಆರದ ಕುದುರೆ ಲದ್ದಿ,
ಈಗಷ್ಟೇ ಒಂದು ಗಾಡಿ ಹೋಯಿತು ಅನ್ನುವಷ್ಟು ಸಂಚಾರ.
ಮಾಗ್ಡೆಬುರ್ಗಿನಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು
ಹುಲ್ಲಿನ ನಡುವೆ ನಿಂತು
ಎಡಕ್ಕೆ ನೋಡಿದ, ಬಲಕ್ಕೆ ನೋಡಿದ,
ಮತ್ತೆ ಎಡಕ್ಕೆ,
ದಾಟಿದ.
ನಾನು ನಕ್ಕೆ. ಅವನೂ ನಕ್ಕ.

ರಾತ್ರಿ, ಹುಲ್ಲುಮಾಡಿನ ಕೆಳಗೆ, ನಿದ್ದೆಯಲ್ಲಿ
ಅವನ ಬಲಗಾಲು ನನ್ನ ಮೀನಖಂಡದ ಮೇಲೆ
ಬ್ರೇಕು ಒತ್ತಿತು.
ಹೊಸತೇನಲ್ಲ. ನಮ್ಮ ಮಂಚ
ಎಷ್ಟೋ ಕೆಂಪು ದೀಪಗಳಲ್ಲಿ ನಿಂತು ಹೊರಟಿದೆ.
ಆದರೆ ಈಚೆಗೆ ಮೆಲ್ಲಗಲ್ಲ,
ಯಾರೋ ಥಟ್ಟನೆ ಅಡ್ಡ ಬಂದ ಹಾಗೆ.

ಬೆಳಗ್ಗೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡ ಎರಡು ಮೊಟ್ಟೆ,
ಹೊಗೆಗಿಟ್ಟ ಮೀನು,
ದಿಬ್ಬದ ಮುಳ್ಳುಪೊದೆಯ ಕಿತ್ತಳೆ ಬಣ್ಣದ ಹಣ್ಣಿನ ಜಾಮು,
ಹಲ್ಲು ಚುಳ್ಳೆನ್ನುವಷ್ಟು ಹುಳಿ.
‘ಪಕ್ಕದ್ದು ನನ್ನ ಮೈದುನನ ಮನೆ,’ ಅಂದರು ಥೆಕ್ಲಾ,
‘ಬೇರೆಯಾದಾಗ ಒಂದು ಗೀಟು ಹೆಚ್ಚು ಹಾಕಿಕೊಂಡ.
ಅದೊಂದು ಗೀಟಿಗೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು.’
ಕಾಫಿ ಬಗ್ಗಿಸುತ್ತ, ಹವೆಯ ಸುದ್ದಿ ಹೇಳಿದಷ್ಟು ಸಲೀಸಾಗಿ.

ಎರಡನೆಯ ದಿನ ಬೇಕರಿಗೆ ಹೋದ.
ನಾನು ಕಿಟಕಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ.
ಬಿಸಿಲು ಚೆನ್ನಾಗಿತ್ತು. ಎಲ್ಲವೂ ಕಾಣುತ್ತಿತ್ತು.
ಬ್ರೆಡ್ಡಿನ ಚೀಲ ಹಿಡಿದು ಬಂದವನು
ನಮ್ಮ ಬಾಗಿಲು ದಾಟಿ ಹೋದ,
ಮೈದುನನ ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ನಿಂತು
ಗುರುತಿನ ಮೇಲೆ ಬೆರಳಾಡಿಸಿದ.
ಒಂದು. ಎರಡು. ಮೂರು.
ಹಿಂದೆ ಬಂದ. ಇಲ್ಲಿಯೂ ಬೆರಳು.
ಒಂದು. ಎರಡು.
ಆಮೇಲೆ ಸಿಳ್ಳೆ ಹಾಕುತ್ತ ಒಳಗೆ ಬಂದ.

ಬಾಚಣಿಗೆ ಕೂದಲಲ್ಲೇ ಉಳಿಯಿತು.
ಬ್ರೆಡ್ಡು ತಿಂದೆವು. ದಂಡೆಯಲ್ಲಿ ಅಂಬರು ಹುಡುಕಿದೆವು.
ನನಗೆ ಸಿಕ್ಕಿದ್ದು ಬಿಯರ್ ಸೀಸೆಯ ಚೂರು,
ಅವನಿಗೆ ಏನೂ ಇಲ್ಲ. ಅವನು ಹುಡುಕಲಿಲ್ಲ,
ಹುಡುಕುವವನ ಹಾಗೆ ಬಗ್ಗಿ ನಡೆದ.

‘ಯಾವಾಗಿನಿಂದ?’ ಅಂದೆ.
ಅಲೆ ಬಂತು, ಹೋಯಿತು, ಇನ್ನೊಂದು ಬಂತು.
‘ಮಾರ್ಚ್.’
‘ಡಾಕ್ಟರು?’
‘ಅಕ್ಟೋಬರಿನಲ್ಲಿ ಹೇಗೂ ತಪಾಸಣೆ. ಅಲ್ಲಿತನಕ ಅಂತ...’
‘ಶಾಲೆ ಮಕ್ಕಳು ಹತ್ತುತ್ತಾರೆ ಲುಟ್ಸ್.’
‘ಗೊತ್ತು. ಪ್ರತಿ ಸ್ಟಾಪೂ ಬಾಯಿಪಾಠ.’
ಸ್ವಲ್ಪ ಹೊತ್ತು ಬಿಟ್ಟು:
‘ಮಕ್ಕಳು ಬಾಯಿಪಾಠದಲ್ಲಿ ಇರುವುದಿಲ್ಲ.’

ಹೊರಡುವ ದಿನ ಅವನೇ ಕೈಗಾಡಿ ಎಳೆದ.
ಥೆಕ್ಲಾ ಜಾಮಿನ ಸೀಸೆ ಕೊಟ್ಟರು,
ಮುಚ್ಚಳದ ಮೇಲೆ ಅದೇ ಗುರುತು.
ದೋಣಿಯಲ್ಲಿ ಬೀಗದ ಕೈ ತೆಗೆದು
ನನ್ನ ಕೋಟಿನ ಜೇಬಿಗೆ ಹಾಕಿದ,
ಕಡಲು ನೋಡುತ್ತ.

ಒಂಬತ್ತು ವರ್ಷದ ಮೇಲೆ ಸ್ಟಿಯರಿಂಗು ಹಿಡಿದೆ.
ಸೀಟು ಮುಂದೆಳೆದು, ಕನ್ನಡಿ ಕೆಳಗಿಳಿಸಿ,
ಎಡಕ್ಕೆ ನೋಡಿ, ಬಲಕ್ಕೆ ನೋಡಿ.
ಪಕ್ಕದಲ್ಲಿ ಅವನ ಬಲಗಾಲು
ಬರಿಯ ಚಾಪೆಯನ್ನು ಒತ್ತುತ್ತಿತ್ತು.
ಅವನು ಒತ್ತಿದಾಗೆಲ್ಲ
ನಾನೂ ಒತ್ತಿದೆ.