ಮುಕ್ಕಾದ ದಾಳಿಂಬೆ

ಹೆಸರು ಬರೆಯುತ್ತಿರಲಿಲ್ಲ ಇವರು.
ಒಳಪುಟದಲ್ಲಿ ಬರೆದವನ ಹೆಸರಿದೆ,
ಮುದ್ರಕನ ಬೀದಿ, ಅಂಗಡಿಯ ಗುರುತು,
ರಾಜನ ಅಪ್ಪಣೆ, ಕೊಂಡ ಧಣಿಯ ಲಾಂಛನ.
ಮೇಲಿನ ಕೆಂಪು ಮೇಕೆದೊಗಲು,
ಬಂಗಾರದ ಬಳ್ಳಿ, ಬೆನ್ನಿನ ಐದು ಗಂಟು
ಯಾರ ಕೆಲಸವೆಂದು ಕೇಳಿದರೆ
ರೂವಾನ್ ನಗರದ ಈ ಉಗ್ರಾಣದಲ್ಲಿ
ಹೀಟರ್ ಮಾತ್ರ ಗೊಣಗುತ್ತದೆ.

ಆದ್ದರಿಂದ ಹೂಗಳನ್ನೇ ವಿಚಾರಿಸಿಕೊಳ್ಳುತ್ತೇನೆ.
ಇಪ್ಪತ್ತಾರು ವರ್ಷದ ಕಸುಬು:
ಈರುಳ್ಳಿ ಸಿಪ್ಪೆಯಂಥ ಕಾಗದ ಹಾಸಿ
ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಉಜ್ಜುವುದು,
ಮಂಜಿನೊಳಗಿಂದ ಮುಖ ಬಂದ ಹಾಗೆ
ಟುಲಿಪ್ಪು, ನಕ್ಷತ್ರ, ಕೊಕ್ಕಿನಲ್ಲಿ ಏನೋ ಕಚ್ಚಿದ ಹಕ್ಕಿ
ಎದ್ದು ಬರುವವರೆಗೆ.
ಆಮೇಲೆ ಅಳತೆ. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗೂ ಜಗಳ.
ಹೂವು ಎಲ್ಲರದೂ ಒಂದೇ,
ಗಾಯ ಅವರವರದು.

ಹಿತ್ತಾಳೆಯ ಅಚ್ಚು ಎಂದೋ ಕೈಜಾರಿ
ಕಲ್ಲುಚಪ್ಪಡಿಗೆ ಬಿದ್ದಿದೆ;
ದಾಳಿಂಬೆಯ ಕಿರೀಟದ ಮೂರು ಮೊನೆಯಲ್ಲಿ
ನಡುವಿನದು ಮುಕ್ಕು.
ಅಂದು ಬೈದಿರಬೇಕು ಆನ್ಸೆಲ್ಮ್ ಕೂರ್ತಾವೆಲ್,
ಹೊಸದು ಕೆತ್ತಿಸಲು ಕಾಸಿಲ್ಲದೆ
ಅದನ್ನೇ ಕಾಯಿಸಿ, ಒದ್ದೆ ಬಟ್ಟೆಗೆ ತಾಗಿಸಿ,
ಚುಂಯ್ ಎನ್ನುವ ಸದ್ದಿನಲ್ಲಿ ಹದ ಕೇಳಿ,
ಮೊಟ್ಟೆಯ ಬಿಳಿ ಸವರಿದ ತೊಗಲಿಗೆ
ರೇಕಿನ ಮೇಲಿಂದ ಒತ್ತಿರಬೇಕು.
ಅವನ ಲೆಕ್ಕದ ಚೀಟಿ ಒಂದೇ ಒಂದು
ಪ್ರಾರ್ಥನೆಪುಸ್ತಕದ ಬೆನ್ನೊಳಗೆ ಸಿಕ್ಕಿತ್ತು,
ಗೋಂದಿಗೆ ಅಂಟಿಕೊಂಡು.
ಹಾಗಾಗಿ ಮುಕ್ಕು ಎಂದರೆ ಕೂರ್ತಾವೆಲ್,
ಹತ್ತೊಂಬತ್ತು ಪುಸ್ತಕ, ಹತ್ತೊಂಬತ್ತು ಕಾರ್ಡು.

ಇಪ್ಪತ್ತನೆಯದು ಗಂಟಲಿಗೆ ಸಿಕ್ಕಿಕೊಂಡಿತು.
ಅದೇ ದಾಳಿಂಬೆ, ಅದೇ ಮುಕ್ಕು,
ಪುಸ್ತಕ ಮುದ್ರಣವಾದದ್ದು ಅವನನ್ನು ಹೂಳಿ
ಹನ್ನೊಂದು ವರ್ಷದ ಮೇಲೆ.
"ಸತ್ತವನು ಕೆಲಸಕ್ಕೆ ಬಂದಿದ್ದಾನೆ ನೋಡಿ,
ನಮ್ಮಲ್ಲಿ ಬದುಕಿದ್ದವರೇ ಬರುವುದಿಲ್ಲ"
ಎಂದು ನಕ್ಕರು ಮುಖ್ಯಸ್ಥ ತಿಬೊದೋ.
ಅಚ್ಚು ಮಾರಾಟವಾಗುತ್ತದೆ, ಒತ್ತೆ ಬೀಳುತ್ತದೆ,
ಅಳಿಯನ ಪಾಲಿಗೆ ಹೋಗುತ್ತದೆ.
ಹಿತ್ತಾಳೆಗೆ ಯಜಮಾನನ ಋಣವಿಲ್ಲ.

ಆ ಜನವರಿ, ಹೆಪ್ಪುಗಟ್ಟಿದ ಮೆಟ್ಟಿಲಲ್ಲಿ ಜಾರಿ
ಬಲಗೈ ಮಣಿಕಟ್ಟು ಮುರಿದುಕೊಂಡೆ.
ಆರು ವಾರ ಎಡಗೈಯ ರಾಜ್ಯಭಾರ:
ಸೂಪು ಚೆಲ್ಲಿತು, ಗುಂಡಿ ತಪ್ಪಿತು,
ನನ್ನ ಸಹಿಯನ್ನು ಬ್ಯಾಂಕು ನಂಬಲಿಲ್ಲ.
ಉಜ್ಜಿದ ಕಾಗದವೂ ಒಂದು ಮಗ್ಗುಲಿಗೆ ಕಪ್ಪು,
ಇನ್ನೊಂದಕ್ಕೆ ಬಿಳಿಚು.
ಬಿಸಾಡಲು ಹೊರಟವಳು ನಿಂತೆ.

ಟಾರ್ಚನ್ನು ತೊಗಲಿಗೆ ಮಲಗಿಸಿ ಹಿಡಿದು
ಹತ್ತೊಂಬತ್ತನ್ನೂ ಮತ್ತೆ ತೆಗೆದೆ.
ಅವನ ದಾಳಿಂಬೆಗಳು ಬಲಕ್ಕೆ ಒಂದು ಕೂದಲೆಳೆ ಆಳ.
ಇಪ್ಪತ್ತನೆಯದು ಎಡಕ್ಕೆ.
ಹತ್ತೊಂಬತ್ತರಲ್ಲಿ ಏಳೂ ಎಡಕ್ಕೆ,
ಅವನಿನ್ನೂ ಬದುಕಿದ್ದಾಗಲೇ.

ತೆರಿಗೆಪಟ್ಟಿಯಲ್ಲಿ ಒಂದು ಸಾಲಿದೆ:
ಕೂರ್ತಾವೆಲನ ವಿಧವೆ, ಒಂದು ಒಲೆ, ಕೆಲಸಕ್ಕೊಬ್ಬ ಹುಡುಗ.
ಅಷ್ಟೇ. ತವರಿನ ಹೆಸರೂ ಇಲ್ಲ.

ಗಿರಾಕಿ ಬಂದರೆ ಒಳಗೆ ಸರಿಯುತ್ತಿದ್ದಳೋ,
ಎಡಗೈ ಕೆಟ್ಟದ್ದೆಂದು ಅತ್ತೆ ಬೆರಳಿಗೆ ಹೊಡೆದಿದ್ದಳೋ,
ಅವನ ಕಣ್ಣು ಮಂಜಾದ ಮೇಲೆ
ರಾತ್ರಿ ಕೂತು ಅವನ ಹೆಸರಿನ ಕೆಲಸ ಮುಗಿಸುತ್ತಿದ್ದಳೋ,
ನನಗೆ ಗೊತ್ತಿಲ್ಲ.
ಗೊತ್ತಿಲ್ಲದ್ದನ್ನು ಕಾರ್ಡಿನಲ್ಲಿ ಬರೆಯಬಾರದು.
ಕೈಗುಣ ಅನ್ನುವುದು ಅಡುಗೆಗಿದೆ, ಮದ್ದಿಗಿದೆ,
ತೊಗಲಿಗೂ ಇದೆ. ಅದಕ್ಕೆ ಖಾನೆಯಿಲ್ಲ.

"ಆ ಹುಡುಗನ ಕೈಯೇ ಇರಬಹುದಲ್ಲ?" ತಿಬೊದೋ ಕೇಳಿದರು.
ಇರಬಹುದು.
ಹುಡುಗರು ಕಲಿತು ಹೊರಟುಹೋಗುತ್ತಾರೆ, ಸ್ವಾಮಿ,
ಈ ಕೈ ಇಪ್ಪತ್ತೆರಡು ವರ್ಷ
ಅದೇ ಒಲೆಯ ಮುಂದಿದೆ.

'ಮಾಡಿದವರು' ಎಂಬಲ್ಲಿ
ಪೆನ್ಸಿಲಿನಿಂದ, ಇನ್ನೂ ಪಟ್ಟಿ ಬಿಚ್ಚಿರಲಿಲ್ಲ,
ಸೊಟ್ಟಸೊಟ್ಟಗೆ ಬರೆದೆ: ಎಡಗೈಯವಳು.

ಕಾರ್ಡು ಎರಡು ಸಲ ವಾಪಸು ಬಂದಿದೆ.
ಓದಲಾಗುತ್ತಿಲ್ಲವಂತೆ
ಕೈಬರಹ.